ಬೀದರ್ ಕೋಟೆಗೆ ಅಮ್ಮನ್ನ ಕರ್ಕೊಂಡ್ ಬರ್ತಿದೀನಿ, ಗೊತ್ತಿರೋರು ಸ್ವಲ್ಪ ಹೇಳಿ
ಎಲ್ರಿಗೂ ನಮಸ್ಕಾರ, ಮುಂದಿನ ತಿಂಗಳು ಬೆಂಗಳೂರಿಂದ ಟ್ರೈನಲ್ಲಿ ಬರ್ತಿದೀವಿ, ಇರೋದು ಎರಡೇ ದಿನ. ಅಮ್ಮ ರಿಟೈರ್ಡ್ ಹಿಸ್ಟರಿ ಟೀಚರ್, ಮೂವತ್ತು ವರ್ಷ ಬಹಮನಿ ಪಾಠ ಮಾಡಿದಾರೆ ಆದ್ರೆ ಒಂದ್ಸಲಾನೂ ಬೀದರ್ ನೋಡಿಲ್ಲ, ಕೋಟೆ ಒಳಗಿನ ರಂಗೀನ್ ಮಹಲಲ್ಲಿ ಕಪ್ಪು ಕಲ್ಲಿಗೆ ಕೂರಿಸಿರೋ ಮುತ್ತಿನ ಚಿಪ್ಪಿನ ಕುಸುರಿ ಹತ್ರದಿಂದ ನೋಡ್ಬೇಕು ಅಂತ ಅವರ ಬಹಳ ದಿನದ ಆಸೆ. ಒಳಗೆ ಬಿಡ್ತಾರಾ, ಮೊದಲೇ ಪರ್ಮಿಶನ್ ತಗೋಬೇಕಾ, ಯಾರನ್ನ ಕೇಳ್ಬೇಕು? ಮಂಡಿ ನೋವು ಬೇರೆ, ಹತ್ತು ಮೆಟ್ಟಿಲಿಗೇ ಗೋಡೆ ಹಿಡ್ಕೊಂಡು ನಿಂತ್ಬಿಡ್ತಾರೆ, ಹಾಗಾಗಿ ಕೋಟೆ ಒಳಗೆ ಆಟೋ ಎಲ್ಲೀವರೆಗೂ ಹೋಗತ್ತೆ ಅಂತ ಗೊತ್ತಾದ್ರೆ ದೊಡ್ಡ ಉಪಕಾರ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ಊರೊಳಗೇ ಇದೆ, ಅದು ಸರಿ. ಬಹಮನಿ ಸುಲ್ತಾನರ ಗೋರಿಗಳಿರೋ ಅಷ್ಟೂರಿಗೆ ಬೆಳಗ್ಗೆ ಹೋಗೋದಾ ಸಂಜೇನಾ? ಅಲ್ಲಿರೋ ಸುಲ್ತಾನ ಅಹ್ಮದ್ ಷಾ ಗುಮ್ಮಟದ ಒಳಗಿನ ಬಣ್ಣದ ಚಿತ್ರ ನೋಡೋಕೆ ಟಾರ್ಚ್ ತರ್ಲಾ?