ಹಿಟ್ಲರ್‌ಗೆ ಬೇಕಾಗಿದ್ದು ವರ್ಸೇಲ್ಸ್ ಸೇಡಾ, ಜಮೀನಾ?

ಗುಬ್ಬಿ ಹುಡ್ಗ:
ತುಮಕೂರಲ್ಲಿ ಎಂಎ ಹಿಸ್ಟ್ರಿ ಮಾಡ್ತಿದೀನಿ, ಸೆಮಿನಾರ್‌ಗೆ ನಾಜಿ ಜರ್ಮನಿ ವಿದೇಶಾಂಗ ನೀತಿ ಕೊಟ್ಟಿದಾರೆ. ಗೈಡ್‌ಗಳಲ್ಲೆಲ್ಲಾ ಒಂದೇ ಪಾಠ, ಮೊದಲ ಮಹಾಯುದ್ಧ ಸೋತ ಜರ್ಮನಿ ಮೇಲೆ ಹೇರಿದ 1919ರ ವರ್ಸೇಲ್ಸ್ ಒಪ್ಪಂದದ ಅವಮಾನ ತೀರಿಸ್ಕೊಳ್ಳೋದು, ಜರ್ಮನ್ನರನ್ನೆಲ್ಲಾ ಒಂದೇ ದೇಶಕ್ಕೆ ಸೇರ್ಸೋದು ಅಂತ. ಅಷ್ಟೇ ಆಗಿದ್ರೆ ರಷ್ಯಾ ಮೇಲ್ಯಾಕೆ ಬಿದ್ದ? ಯಾರಾದ್ರೂ ಬಿಡಿಸಿ ಹೇಳ್ರಪ್ಪ

ಚಿಂತಾಮಣಿ ಮೇಷ್ಟ್ರು:
ಗೈಡ್ ಹೇಳೋದು ಸುಳ್ಳಲ್ಲ ಕಣಪ್ಪ, ಅರ್ಧ ಅಷ್ಟೇ. 1 ಲಕ್ಷ ಸೈನಿಕರು ಮಾತ್ರ ಅಂತ ವರ್ಸೇಲ್ಸ್ ಹಾಕಿದ್ದ ಮಿತೀನ ಹಿಟ್ಲರ್ 1935ರಲ್ಲಿ ಕಡ್ಡಾಯ ಸೈನಿಕ ಸೇವೆ ತಂದು ಮುರ್ದ, 36ರಲ್ಲಿ ಸೈನ್ಯ ಇಡ್ಬಾರ್ದು ಅಂತಿದ್ದ ಫ್ರಾನ್ಸ್ ಗಡಿ ಕಡೆಯ ರೈನ್‌ಲ್ಯಾಂಡ್‌ಗೆ ಪಡೆ ನುಗ್ಗಿಸ್ದ, 38ರಲ್ಲಿ ಆಸ್ಟ್ರಿಯಾ ನುಂಗ್ದ, ಅದೇ ವರ್ಷ ಮ್ಯೂನಿಕ್‌ನಲ್ಲಿ ಬ್ರಿಟನ್ ಫ್ರಾನ್ಸ್ ಇಟಲಿಯೋರು ಕೂತ್ಕೊಂಡು ಚೆಕೊಸ್ಲೊವಾಕಿಯಾ ಗಡೀಲಿ ಜರ್ಮನ್ನರು ಜಾಸ್ತಿ ಇದ್ದ ಸುಡೆಟನ್‌ಲ್ಯಾಂಡ್ ಬರ್ಕೊಟ್ರು, ಯಾರ ಜಾಗ ಹೋಗ್ತಿತ್ತೋ ಆ ಚೆಕ್‌ನೋರನ್ನ ಮಾತುಕತೆಗೆ ಒಳಗೂ ಬಿಟ್ಕೊಳ್ಳಿಲ್ಲ. ಅಲ್ಲೀವರ್ಗೂ "ಅಲ್ಲಿರೋರು ನಮ್ ಜನ" ಅನ್ನೋ ನೆಪ ನಡೀತು. 1939 ಮಾರ್ಚ್ 15ಕ್ಕೆ ಚೆಕ್ ರಾಜಧಾನಿ ಪ್ರಾಗ್‌ಗೇ ನುಗ್ಗಿದ್ನಲ್ಲ, ಅಲ್ಲಿ ಬಹುಪಾಲು ಚೆಕ್ಕರೇ, ಬಣ್ಣ ಬಯಲಾಯ್ತು. ನಮ್ ಕಡೆ ಬದು ಒತ್ತುವರಿ ಮಾಡೋರ ಥರ, ಮೊದ್ಲು ಒಂದಡಿ "ನಮ್ಮಜ್ಜನ್ ಕಾಲದ್ದು" ಅಂತಾರೆ, ನೀವ್ ಸುಮ್ನಿದ್ರೆ ಬೋರ್‌ವೆಲ್ಲೂ ಅವರದೇ.

ಗುಬ್ಬಿ ಹುಡ್ಗ:
ಹಂಗಾದ್ರೆ ಮೊದ್ಲೇ ಪ್ಲಾನ್ ಇತ್ತಾ ಸಾರ್, ಇಲ್ಲ ಸಿಕ್ಕಿದ್ದು ಬಾಚ್ಕೊಂಡ್ನಾ?

ಕೆಜಿಎಫ್ ವಾಸಿ:
1937 ನವೆಂಬರ್ 5ರ ಮೀಟಿಂಗ್ ನೋಡು ಗುರು. ಸೇನಾ ಮುಖ್ಯಸ್ಥರು, ವಿದೇಶಾಂಗ ಮಂತ್ರಿನೆಲ್ಲಾ ಕೂರಿಸ್ಕೊಂಡು ಗಂಟೆಗಟ್ಲೆ ಮಾತಾಡಿದಾನೆ, ಅವನ ಸೇನಾ ಸಹಾಯಕ ಕರ್ನಲ್ ಹಾಸ್‌ಬಾಖ್ ಬರೆದಿಟ್ಟ ಟಿಪ್ಪಣಿ ಯುದ್ಧ ಮುಗಿದ್ಮೇಲೆ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೇಲಿ ಸಾಕ್ಷಿ ಆಯ್ತು. ಜರ್ಮನ್ನರಿಗೆ ಜಾಗ ಸಾಲ್ದು, ಊಟಕ್ಕೆ ಬೇಕಾದಷ್ಟು ಬೆಳೆಯಕ್ಕಾಗಲ್ಲ, ಜಮೀನು ಯುರೋಪಲ್ಲೇ ಬೇಕು, ತಡ ಅಂದ್ರೂ 1943-45ರೊಳಗೆ ಆಗ್ಬೇಕು, ಇದೇ ಮಾತು. ಯುದ್ಧ ಮಂತ್ರಿ ಬ್ಲೋಂಬರ್ಗ್, ಭೂಸೇನಾ ಮುಖ್ಯಸ್ಥ ಫ್ರಿಟ್ಶ್, ವಿದೇಶಾಂಗ ಮಂತ್ರಿ ನ್ಯೂರಾತ್ ಅನುಮಾನ ಎತ್ತಿದ್ರು, 38ರ ಫೆಬ್ರವರಿಗೆ ಮೂರೂ ಜನರ ಕುರ್ಚಿ ಹೋಯ್ತು 😄 ರಷ್ಯಾ ಮೇಲೆ ಬಿದ್ದಿದ್ದು ಉಕ್ರೇನ್ ಗೋಧಿಗೆ, ಕಾಕಸಸ್ ಎಣ್ಣೆಗೆ. ಸ್ಟಾಲಿನ್ ಜೊತೆ 39ರಲ್ಲಿ ಮಾಡ್ಕೊಂಡ ಒಬ್ಬರ ಮೇಲೊಬ್ಬರು ಬೀಳಲ್ಲ ಅನ್ನೋ ಒಪ್ಪಂದ ಬರೀ ಟೈಮ್‌ಪಾಸ್

ಚಿಂತಾಮಣಿ ಮೇಷ್ಟ್ರು:
ಟೈಮ್‌ಪಾಸ್ ಅಂದ್ರೆ ನಾನ್ ಒಪ್ಪಲ್ಲ. ಅದ್ರಿಂದ ಪೋಲೆಂಡ್ ಹಂಚ್ಕೊಂಡ್ರು, ಎರಡೂ ಕಡೆ ಒಟ್ಟಿಗೆ ಯುದ್ಧ ಮಾಡೋದು ತಪ್ತು, 1941 ಜೂನ್ 22ಕ್ಕೆ ದಾಳಿ ಮಾಡೋ ತನಕ ಸೋವಿಯತ್ ಎಣ್ಣೆ, ಧಾನ್ಯ ಜರ್ಮನಿಗೇ ಬರ್ತಿತ್ತು. ಪೂರ್ವದ ಜಮೀನು ಅನ್ನೋ ಗುರಿ 1920ರ ದಶಕದಿಂದ್ಲೂ ಇತ್ತು, ದಾರಿ ಮಾತ್ರ ಆವತ್ತಾವತ್ತಿಗೆ ಸಿಕ್ಕಿದ್ದು, ಸೆಮಿನಾರಲ್ಲಿ ಹಿಂಗೇ ಹೇಳು. ಇನ್ನೊಂದು, ಆ ಜಮೀನಲ್ಲಿದ್ದ ಕೋಟಿಗಟ್ಲೆ ಜನಾನ ಹಸಿವಿಗೆ ಬಿಟ್ಟು ಸಾಯ್ಸೋದೂ 41ರ ಪ್ಲಾನಲ್ಲೇ ಇತ್ತು, ಗೈಡ್‌ಗಳು ಅದನ್ನ ಬಿಟ್ಬಿಡ್ತಾವೆ, ನೀನ್ ಬಿಡ್ಬೇಡ.

ಗುಬ್ಬಿ ಹುಡ್ಗ:
ಸರಿ ಮೇಷ್ಟ್ರೆ, ಪ್ರಾಗ್‌ನಿಂದ್ಲೇ ಶುರು ಮಾಡ್ತೀನಿ