ಓದುಗರ ಸ್ಪಂದನ: ಕಾರ್ಖಾನೆ ಬಿಟ್ಟು ಸ್ವಂತ ಅಂಗಡಿ ಹಾಕುವ ಹೊತ್ತು ಬಂತಾ?

ಕಳೆದ ಸಲದ ಸಮಸ್ಯೆ

ನನಗೆ 36 ವರ್ಷ. ಊರು ಕಾರಟಗಿ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ಕೊಪ್ಪಳ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ 12 ವರ್ಷದಿಂದ ಇದ್ದೇನೆ. ಮೂರು ಪಾಳಿ ಕೆಲಸ. ಕೈಗೆ 31 ಸಾವಿರ ಬರುತ್ತದೆ. ಊರಿಗೆ ವಾಪಸ್ ಹೋಗಿ ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತೋದು), ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕುವ ಆಸೆ ಮೂರು ವರ್ಷದಿಂದ ಕಾಡುತ್ತಿದೆ. ಒಂದು ದಿನ ನಾಳೆಯೇ ರಾಜೀನಾಮೆ ಬರೆದುಕೊಡೋಣ ಅನಿಸುತ್ತದೆ. ಮರುದಿನ ಭಯ. ಹೆಂಡತಿ "ನಿಮಗೆ ಧೈರ್ಯ ಇದ್ದರೆ ಸರಿ" ಅನ್ನುತ್ತಾಳೆ. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ನಾನು ನಿಜವಾಗಿ ತಯಾರಾಗಿದ್ದೇನೆ ಅಂತ ಹೇಗೆ ತಿಳಿಯೋದು?

ಉದ್ರಿ ಪುಸ್ತಕ ಇಟ್ಟು ನೋಡಿ

ನಾನು ಇದೇ ಕಸುಬಿನವನು. ಸಿಂಧನೂರಿನಲ್ಲಿ ಅಂಗಡಿ ಇದೆ. ಹಾಗಾಗಿ ಕಸುಬಿನ ಮಾತೇ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಪಾಳಿ ಇದೆ, ಸಂಬಳ ಇದೆ, ಭಯ ಇದೆ. ಉದ್ರಿ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಭಾಗದಲ್ಲಿ ಅಂಗಡಿ ಹಾಕುವವರಿಗೆ ಮೊದಲು ಗೊತ್ತಿರಬೇಕಾದದ್ದೇ ಅದು. ಇನ್ನೊಂದು ಮಾತು. ಆಸೆ ಹುಟ್ಟಿ ಮೂರು ವರ್ಷ ಆಯ್ತು ಅಂದಿದ್ದೀರಿ. ಈ ಮೂರು ವರ್ಷದಲ್ಲಿ ಅದಕ್ಕಾಗಿ ಏನು ಮಾಡಿದಿರಿ? ಬೈಯೋದಕ್ಕೆ ಕೇಳುತ್ತಿಲ್ಲ. ಆ ಉತ್ತರ ನಿಮಗೇ ದಾರಿ ತೋರಿಸುತ್ತದೆ ಅಂತ ಕೇಳುತ್ತಿದ್ದೇನೆ.

ಮೋಟಾರ್ ಬಗ್ಗೆ ನಿಮಗೆ ಪಾಠ ಬೇಕಿಲ್ಲ. ಮೂರು ಫೇಸ್ ವಿದ್ಯುತ್ತಿನಲ್ಲಿ ಒಂದು ಫೇಸ್ ಹೋಗಿ ಸುಟ್ಟಿದ್ದರೆ ಮುಚ್ಚಳ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಕೆಲವು ಗುಂಪಿನ ಕಾಯಿಲ್ ಇದ್ದಿಲಾಗಿರುತ್ತವೆ, ಪಕ್ಕದವು ಹೊಸದರ ಹಾಗೆ ಹೊಳೆಯುತ್ತಿರುತ್ತವೆ. ಲೋಡ್ ಜಾಸ್ತಿಯಾಗಿ ಸುಟ್ಟಿದ್ದರೆ ಎಲ್ಲವೂ ಒಂದೇ ಸಮ ಕಪ್ಪು. ಕಾರ್ಖಾನೆಯಲ್ಲಿ ಇದನ್ನು ನೋಡಿ ರಿಪೋರ್ಟ್ ಬರೆದು, ಸ್ಟೋರ್ಸ್‌ನಿಂದ ಬೇರೆ ಮೋಟಾರ್ ತರಿಸಿ ಕೂರಿಸಿರುತ್ತೀರಿ. ಸುಟ್ಟದ್ದು ಹೊರಗಿನ ಅಂಗಡಿಗೆ ಹೋಗಿರುತ್ತದೆ. ಇನ್ನು ಮುಂದೆ ಆ ಹೊರಗಿನ ಅಂಗಡಿ ನೀವೇ. ಹಳೆ ತಂತಿ ಕಿತ್ತು, ಸುತ್ತು ಎಣಿಸಿ, ಗೇಜ್ ಅಳೆದು, ಸ್ಲಾಟಿಗೆ ಹಾಳೆ ಕೂರಿಸಿ, ಹೊಸ ತಾಮ್ರ ತುಂಬಿ, ವಾರ್ನಿಷ್ ಹಾಕಿ ಒಣಗಿಸಿ ಕೊಡಬೇಕು. 10 ಎಚ್‌ಪಿ ಮೋಟಾರ್ ಒಂದನ್ನು ಮೊದಲಿಂದ ಕೊನೆವರೆಗೆ ನೀವೇ ಸುತ್ತಿದ್ದೀರಾ? ಇಲ್ಲದಿದ್ದರೆ ಅದೇ ಮೊದಲ ಕೆಲಸ.

ರೈತ ನಮ್ಮ ಅಂಗಡಿ ಮುಂದೆ ಮೋಟಾರ್ ಇಳಿಸುವ ಹೊತ್ತಿಗೆ ಅವನ ಗದ್ದೆ ಬಿರುಕು ಬಿಡುತ್ತಿರುತ್ತದೆ. ಕಾಲುವೆಯ ಕೊನೆಭಾಗಕ್ಕೆ ನೀರು ಬರದೆ ಹಳ್ಳದಿಂದಲೋ ಬೋರ್‌ನಿಂದಲೋ ಎತ್ತುತ್ತಿರುತ್ತಾನೆ. ತ್ರೀ ಫೇಸ್ ಸಿಗೋದು ದಿನಕ್ಕೆ 7 ಗಂಟೆ. ನಾಳೆ ಬೆಳಿಗ್ಗೆ ಬೇಕು ಅನ್ನುತ್ತಾನೆ. ಕೊಡಲೇಬೇಕು, ರಾತ್ರಿ ಕೂತು ಸುತ್ತುತ್ತೀರಿ. ರಾತ್ರಿ ಪಾಳಿ ತಪ್ಪಿಸಿಕೊಳ್ಳೋಕೆ ಈ ಕಸುಬಿಗೆ ಬರುತ್ತಿದ್ದರೆ ಇದನ್ನು ಈಗಲೇ ತಿಳಿದಿರಿ. ದುಡ್ಡು ಬರೋದು ಭತ್ತ ಕಟಾವಾದ ಮೇಲೆ. ದಲ್ಲಾಳಿ ಅಂಗಡಿಯಿಂದ ಅವನ ಕೈಗೆ ಬಂದು, ಗೊಬ್ಬರ, ಔಷಧದ ಬಾಕಿ ತೀರಿ, ಉಳಿದದ್ದರಲ್ಲಿ ನಿಮ್ಮ ಪಾಲು. ಅವನು ಮೋಸ ಮಾಡುವವನಲ್ಲ, ಅವನ ಕೈಗೇ ಬಂದಿರುವುದಿಲ್ಲ. ಆದರೆ ತಾಮ್ರದ ತಂತಿ ಮಾರುವವನು ಸುಗ್ಗಿವರೆಗೆ ಕಾಯುವುದಿಲ್ಲ. ಅವನಿಗೆ ನಗದೇ ಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಮರುದಿನ ನಮ್ಮ ಬಜಾರಿನಲ್ಲಿ ಬೇರೆ ಮಾತೇ ಇರಲಿಲ್ಲ. ಬಟ್ಟೆ ಅಂಗಡಿಯವರು, ಟ್ರ್ಯಾಕ್ಟರ್ ಶೋರೂಮಿನವರು, ಹೋಟೆಲಿನವರು, ಎಲ್ಲರೂ ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಉಳಿಯುತ್ತೆ ಅಂತ ಲೆಕ್ಕ ಹಾಕುತ್ತಿದ್ದರು. ಸುಮಾರು ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆ ಇಳಿಸಿ ನೀರು ತಡೆದರು. ಆಗ ಉಸಿರು ಬಂತು. ನಿಮ್ಮ ಸಂಬಳಕ್ಕೂ ಆ ಡ್ಯಾಮಿಗೂ ಇವತ್ತು ಸಂಬಂಧ ಇಲ್ಲ. ಅಂಗಡಿ ಹಾಕಿದ ದಿನದಿಂದ ಇರುತ್ತದೆ.

ಹಾಗಾಗಿ ತಯಾರಾಗಿದ್ದೀನಾ ಅಂತ ಸುಮ್ನೆ ಮನಸ್ಸನ್ನು ಕೇಳುತ್ತಾ ಕೂರಬೇಡಿ. ಅದು ಪಾಳಿ ಮುಗಿದ ಸುಸ್ತಿನಲ್ಲಿ ಒಂದು ಹೇಳುತ್ತದೆ, ಸಂಬಳದ ದಿನ ಇನ್ನೊಂದು ಹೇಳುತ್ತದೆ. ಜುಲೈ ಹೊತ್ತಿಗೆ ಕಾಲುವೆಗೆ ನೀರು ಬಿಡುವಾಗಿನಿಂದ ಬೇಸಿಗೆ ಬೆಳೆ ಕಟಾವಾಗುವವರೆಗೆ ಒಂದು ಪೂರ್ತಿ ವರ್ಷ, ಕೆಲಸ ಬಿಡದೆ, ಈ ಕಸುಬಿನ ಒಳಗೆ ಇದ್ದು ನೋಡಿ. ವಾರದ ರಜೆಯ ದಿನ ಪರಿಚಯದ ಅಂಗಡಿಯಲ್ಲಿ ಕೂತು ಸುತ್ತಿ. ಹೊರಗೆ ದುಡಿಯಲು ಕಂಪನಿ ನಿಯಮ ಬಿಡುತ್ತದೋ ಇಲ್ಲವೋ ಮೊದಲು ಓದಿಕೊಳ್ಳಿ. ಬಿಡದಿದ್ದರೆ ಕೂಲಿ ತಗೊಳ್ಳದೆ ಕಲಿಯಿರಿ, ಆ ಅಂಗಡಿಯ ಉದ್ರಿಯನ್ನೇ ನೋಡುತ್ತಾ ಹೋಗಿ. ಬಿಟ್ಟರೆ ನಿಮ್ಮದೇ ಉದ್ರಿ ಪುಸ್ತಕ ಇಡಿ. ಯಾರಿಗೆ ಎಷ್ಟಕ್ಕೆ ಮಾಡಿಕೊಟ್ಟಿರಿ, ದುಡ್ಡು ಯಾವಾಗ ಬಂತು, ಕೇಳೋಕೆ ಎಷ್ಟು ಸಲ ಹೋದಿರಿ, ಎಲ್ಲಾ ಬರೆಯಿರಿ. ಮಳೆ ಚೆನ್ನಾಗಿ ಬಿದ್ದು ಪಂಪೇ ಓಡದ ತಿಂಗಳಲ್ಲಿ ಅಂಗಡಿ ಹೇಗೆ ಖಾಲಿ ಇರುತ್ತದೆ ಅನ್ನೋದನ್ನೂ ಕೂತು ನೋಡಿ. ಇಷ್ಟೆಲ್ಲಾ ಕಂಡ ಮೇಲೂ ಬೆಳಿಗ್ಗೆ ಎದ್ದಾಗ ಕೈ ಸ್ಟೇಟರ್ (ಮೋಟಾರಿನಲ್ಲಿ ತಂತಿ ಸುತ್ತುವ ಭಾಗ) ಕಡೆ ಹೋಗುತ್ತದೆ ಅಂದರೆ ಬನ್ನಿ. ಈ ಕಸುಬಿನಲ್ಲಿ ಒಳ್ಳೆ ಕೈಗೆ ಯಾವಾಗಲೂ ಕೊರತೆ ಇದೆ. ಸಿಂಧನೂರಿಗೆ ಬಂದರೆ ನನ್ನ ಹಳೆ ಪುಸ್ತಕಗಳನ್ನು ನಿಮ್ಮ ಮುಂದೆ ಬಿಚ್ಚಿಡಲು ನಾನು ತಯಾರು.

ಮರೆತಿದ್ದೆ. ವೈರಿಂಗ್, ಹೊಸ ಸಂಪರ್ಕದ ಕೆಲಸವನ್ನೂ ಹಿಡಿಯುವ ಯೋಚನೆ ಇದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಗುತ್ತಿಗೆದಾರ ಲೈಸೆನ್ಸ್ ಬೇಕು. ಅದರ ಕಾಗದಪತ್ರ ನೌಕರಿಯಲ್ಲಿ ಇರುವಾಗಲೇ ಶುರು ಮಾಡಿ.

*ರಿವೈಂಡಿಂಗ್ ಅಂಗಡಿಯವರು, ಸಿಂಧನೂರು*

ಬೇಜಾರು ಯಾವುದರ ಮೇಲೆ?

ನಾನು ನರ್ಸ್. ರಾತ್ರಿ ಪಾಳಿ ನನಗೂ ಗೊತ್ತು. ರಾತ್ರಿ ಪಾಳಿಯ ವಾರ ಮುಗಿದಾಗ ಯಾರಿಗಾದರೂ ಕೆಲಸ ಬಿಡೋಣ ಅನಿಸುತ್ತದೆ. ನಿದ್ದೆ ಕೆಟ್ಟ ತಲೆಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ರಾಜೀನಾಮೆ ಕೊಡೋಣ ಅನಿಸಿದ ದಿನ ಕ್ಯಾಲೆಂಡರ್ ಮೇಲೆ ಒಂದು ಗುರುತು ಹಾಕಿ. ಒಂದೆರಡು ತಿಂಗಳಾದ ಮೇಲೆ ಆ ಗುರುತುಗಳೆಲ್ಲಾ ರಾತ್ರಿ ಪಾಳಿಯ ವಾರಗಳಲ್ಲೇ ಬಿದ್ದಿವೆಯಾ ನೋಡಿ.

ಹಾಗಿದ್ದರೆ ಮೊದಲು ಜನರಲ್ ಶಿಫ್ಟ್ ಕೇಳಿ. ಸಿಕ್ಕರೆ ಕೆಲವು ತಿಂಗಳು ಸರಿಯಾಗಿ ನಿದ್ದೆ ಮಾಡಿ. ಆಮೇಲೂ ಅಂಗಡಿಯ ಯೋಚನೆ ಬಿಡದಿದ್ದರೆ ಅದು ಸುಸ್ತಿನಿಂದ ಬಂದದ್ದಲ್ಲ ಅಂತ ಖಾತ್ರಿ ಆಗುತ್ತದೆ.

*ಓದುಗರು, ಗಂಗಾವತಿ*

ಭಯ ಪೂರ್ತಿ ಹೋಗಲಿ ಅಂತ ಕಾಯಬೇಡಿ

ನಾನು ಸಂಡೂರಿನವನು. ನಮ್ಮಲ್ಲಿ ಸಾವಿರಾರು ಜನ ಒಂದೇ ಸಲ ಕೆಲಸ ಬದಲಿಸಬೇಕಾಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕಾಡು, ನೀರು, ಹೊಲ ಹಾಳಾಗಿದ್ದವು, ನಿಲ್ಲಬೇಕಿತ್ತು ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಲಾರಿ ಡ್ರೈವರ್, ಲೋಡಿಂಗ್ ಹುಡುಗರು, ವೇಬ್ರಿಡ್ಜ್ ಗುಮಾಸ್ತರು, ಪಂಕ್ಚರ್ ಅಂಗಡಿಯವರು, ಖಾನಾವಳಿಯವರು ಬೆಳಗಾಗುವಷ್ಟರಲ್ಲಿ ಖಾಲಿ ಕೈ. ನಾನು ಅದಿರು ತುಂಬುವ ರೈಲ್ವೆ ಸೈಡಿಂಗ್‌ನಲ್ಲಿ ಲೋಡಿಂಗ್ ಚೀಟಿ ಬರೆಯುತ್ತಿದ್ದವನು. ತಯಾರಿದ್ದೀಯಾ ಅಂತ ನಮ್ಮನ್ನು ಯಾರೂ ಕೇಳಲಿಲ್ಲ.

ಆಗ ಯಾರು ಎದ್ದು ನಿಂತರು ಅನ್ನೋದನ್ನು ಹೇಳಬೇಕು. ಧೈರ್ಯ ಇದ್ದವರು, ಬುದ್ಧಿವಂತರು ಅಂತ ನೀವು ಅಂದುಕೊಳ್ಳಬಹುದು. ನಾನು ಕಂಡ ಹಾಗೆ, ಸಾಲ ಇಲ್ಲದವರು ಎದ್ದು ನಿಂತರು. ನಮ್ಮ ಓಣಿಯಲ್ಲಿ ಒಬ್ಬರು ಡ್ರೈವರ್ ಇದ್ದರು, ಬಿಡುವಿನಲ್ಲಿ ಡೀಸೆಲ್ ಪಂಪ್ ಬಿಚ್ಚಿ ಕಟ್ಟೋದು ಕಲಿತಿದ್ದರು. ಕಂತು ಇರಲಿಲ್ಲ. ಬಳ್ಳಾರಿಯ ಗ್ಯಾರೇಜ್ ಸೇರಿ ಆಮೇಲೆ ತಮ್ಮದೇ ಶೆಡ್ ಹಾಕಿದರು. ಅವರಿಗಿಂತ ಜಾಸ್ತಿ ದುಡಿಯುತ್ತಿದ್ದ ಇನ್ನೊಬ್ಬರು ಎರಡು ಲಾರಿ ಸಾಲದಲ್ಲಿ ತಂದಿದ್ದರು. ಫೈನಾನ್ಸಿನವರು ಎರಡನ್ನೂ ಎಳೆದುಕೊಂಡು ಹೋದರು. ಮುಂದೆ ಗಣಿಗಳು ಒಂದೊಂದಾಗಿ ತೆರೆದಾಗಲೂ ಆ ಮನೆ ಚೇತರಿಸಿಕೊಳ್ಳಲಿಲ್ಲ.

ನಿಮಗೆ ಬೈಕ್, ಮನೆ, ಒಡವೆ ಮೇಲೆ ಏನಾದರೂ ಸಾಲ ಇದೆಯಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಸಂಬಳ ಬರುವಾಗಲೇ ತೀರಿಸಿ. ಕಂತು ತೀರಿದ ಮೇಲೂ ಭಯ ಇರುತ್ತದೆ, ಇರಲಿ. ಮಕ್ಕಳಿರುವ ಮನುಷ್ಯನಿಗೆ ಭಯ ಇರಬೇಕು. ಆದರೆ ಆ ಭಯ ಹೋದ ಮೇಲೆ ಹೊರಡುತ್ತೇನೆ ಅಂದರೆ ನೀವು ನಿವೃತ್ತಿಯವರೆಗೆ ಅಲ್ಲೇ ಇರುತ್ತೀರಿ. ನೋಡುತ್ತೇನೆ ಅಂತ ಎಳೆಯಬೇಡಿ, ತಾರೀಖು ಒಂದನ್ನು ಗೊತ್ತು ಮಾಡಿಕೊಂಡು ಮನೆಯಲ್ಲಿ ಹೇಳಿಬಿಡಿ.

*ಓದುಗರು, ಸಂಡೂರು*

"ನಿಮಗೆ ಧೈರ್ಯ ಇದ್ದರೆ ಸರಿ" ಅಂದರೆ ಒಪ್ಪಿಗೆ ಅಲ್ಲ

ನಿಮ್ಮ ಹೆಂಡತಿ ಹೇಳಿದ ಮಾತನ್ನೇ ನಾನೂ ನನ್ನ ಗಂಡನಿಗೆ ಹೇಳಿದ್ದೆ. ಅವರು ಬೀಜದ ಕಂಪನಿಯ ಸೇಲ್ಸ್ ಕೆಲಸ ಬಿಟ್ಟು ಸಸಿ ನರ್ಸರಿ ಮಾಡುತ್ತೇನೆ ಅಂದಾಗ. ಒಳಗೊಳಗೆ ನನಗೆ ನಡುಕ. ಹೇಳಿದರೆ ಅವರ ಉತ್ಸಾಹಕ್ಕೆ ತಣ್ಣೀರು ಹಾಕಿದ ಹಾಗೆ ಆಗುತ್ತೆ ಅಂತ ಸುಮ್ಮನಿದ್ದೆ.

ಕೊನೆಗೆ ನಮ್ಮನ್ನು ಕಾಪಾಡಿದ್ದು ಒಂದು ನೋಟ್‌ಬುಕ್. ಬಾಡಿಗೆ, ಕಿರಾಣಿ, ಗ್ಯಾಸ್, ಅತ್ತೆಯ ಬಿಪಿ ಮಾತ್ರೆ, ಶಾಲೆ ಫೀಸು, ಹಬ್ಬ, ನೆಂಟರ ಮನೆ ಮದುವೆ ಮುಯ್ಯಿ, ಎಲ್ಲಾ ಬರೆದೆವು. ಬರೆಯುವಾಗಲೇ ಒಂದು ವಿಷಯ ಕಂಡಿತು. ಮಕ್ಕಳ ಫೀಸು ಕಟ್ಟೋದು ಜೂನ್‌ನಲ್ಲಿ. ನಮ್ಮ ಕಡೆ ಜೂನ್‌ನಲ್ಲಿ ರೈತರ ಕೈ ಪೂರ್ತಿ ಖಾಲಿ, ಇದ್ದದ್ದೆಲ್ಲಾ ಬಿತ್ತನೆಗೆ ಹೋಗಿರುತ್ತದೆ. ಅಂದರೆ ನಮ್ಮ ಖರ್ಚು ಜಾಸ್ತಿ ಇರುವ ತಿಂಗಳಲ್ಲೇ ನಮಗೆ ಬರೋದು ಕಡಿಮೆ. ಅದಕ್ಕೆ ಫೀಸಿನ ದುಡ್ಡನ್ನು ಸುಗ್ಗಿಯಲ್ಲೇ ಬೇರೆ ಖಾತೆಗೆ ಹಾಕಿಡುವ ಪದ್ಧತಿ ಮಾಡಿಕೊಂಡೆವು. ನಿಮ್ಮ ಕಸುಬೂ ರೈತರದ್ದೇ ಅಲ್ವಾ? ಇದು ನಿಮಗೂ ಬರುತ್ತದೆ.

ಇನ್ನೊಂದನ್ನೂ ಬರೆದೆವು. ಇಟ್ಟ ಹಣ ಇಷ್ಟಕ್ಕೆ ಇಳಿದರೆ ಅವರು ಮತ್ತೆ ನೌಕರಿ ಹುಡುಕಬೇಕು, ಆಗ ಯಾರೂ ಯಾರನ್ನೂ ಹಂಗಿಸಬಾರದು. ಆ ಸಾಲು ಬರೆದ ಮೇಲೆ ನನಗೆ ನಿದ್ದೆ ಬಂತು. ನೀವೂ ಇಬ್ಬರೂ ಕೂತು ಬರೆಯಿರಿ. ಪೆನ್ನು ಅವರ ಕೈಯಲ್ಲಿ ಇರಲಿ.

*ಗೃಹಿಣಿ, ರಾಯಚೂರು*

ರಾಜೀನಾಮೆ ಬರೆಯುವ ಮೊದಲು

ನಾನು ಬಳ್ಳಾರಿಯಲ್ಲಿ ಬಹಳ ವರ್ಷ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದು ನಿವೃತ್ತನಾದವನು. ಸಿಟ್ಟಿನಲ್ಲಿ ಕೆಲಸ ಬಿಟ್ಟು ಹೋಗಿ, ಆಮೇಲೆ ತಮ್ಮದೇ ದುಡ್ಡಿಗೆ ಅಲೆದವರನ್ನು ಕಂಡಿದ್ದೇನೆ. ಆ ಕಷ್ಟ ನಿಮಗೆ ಬೇಡ.

12 ವರ್ಷದ ಸೇವೆಗೆ ನಿಮಗೆ ಗ್ರಾಚ್ಯುಟಿ ಬರಬೇಕು, 5 ವರ್ಷ ಸತತ ಸೇವೆ ಆದವರಿಗೆಲ್ಲಾ ಅದು ಹಕ್ಕು. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆ ಎರಡೂ ಸೇರಿ 18,000 ಇದ್ದರೆ 12 ವರ್ಷಕ್ಕೆ ಸುಮಾರು 1,24,600 ರೂಪಾಯಿ. ಕೈಗೆ ಬರುವ 31 ಸಾವಿರದ ಮೇಲೆ ಲೆಕ್ಕ ಹಾಕಬೇಡಿ, ಸಂಬಳದ ಚೀಟಿ ತೆಗೆದು ನೋಡಿ.

ಪಿಎಫ್ ಹಣವನ್ನು ಅಂಗಡಿಯ ಬಂಡವಾಳ ಅಂತ ಎಣಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಪಿಎಫ್ ಜೊತೆಗೇ ಇರುವ ಪಿಂಚಣಿ ಯೋಜನೆಯಲ್ಲಿ 10 ವರ್ಷ ದಾಟಿದ್ದೀರಿ, ಹಾಗಾಗಿ 58ಕ್ಕೆ ಪಿಂಚಣಿ ಬರುತ್ತದೆ. 50 ದಾಟಿದ ಮೇಲೆ ಬೇಗ ತಗೊಳ್ಳಬಹುದು, ಆದರೆ ಬೇಗ ತಗೊಂಡ ಪ್ರತಿ ವರ್ಷಕ್ಕೆ ಶೇ 4 ಕಡಿತ. ಕೆಲಸ ಬಿಡುವಾಗ ಸ್ಕೀಮ್ ಸರ್ಟಿಫಿಕೇಟ್‌ಗೆ, ಅಂದರೆ ಪಿಂಚಣಿಗೆ ಎಣಿಸುವ ಸೇವೆಯ ದಾಖಲೆಗೆ, ಅರ್ಜಿ ಹಾಕಿ. ನಾಳೆ ಎಲ್ಲಾದರೂ ಮತ್ತೆ ನೌಕರಿ ಸೇರಿದರೆ ಹಳೆ ಸೇವೆ ಅದಕ್ಕೆ ಸೇರಿಕೊಳ್ಳುತ್ತದೆ.

ಆಸ್ಪತ್ರೆ ವಿಮೆಯ ವಿಷಯ ಜನ ಮರೆಯುತ್ತಾರೆ. ಕಂಪನಿಯ ಗುಂಪು ವಿಮೆ ನೀವು ಹೊರಟ ದಿನ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶ ಇರುತ್ತದೆ, ಬಿಡುವ ಮೊದಲೇ ಕೇಳಿ. ಹೊಸದಾಗಿ ತಗೊಂಡರೆ ಮೊದಲಿಂದ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು.

ಪಿಎಫ್ ಖಾತೆಯಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಇವತ್ತೇ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಅರ್ಜಿ ವಾಪಸ್ ಬರಬಹುದು. ಹುಟ್ಟಿದ ತಾರೀಖು, ತಂದೆ ಹೆಸರು, ನಾಮಿನಿ, ಬ್ಯಾಂಕ್ ಖಾತೆ ಎಲ್ಲಾ ಸರಿ ಇರಲಿ. ತಿದ್ದಬೇಕಿದ್ದರೆ ಕಂಪನಿಯವರ ಒಪ್ಪಿಗೆ ಬೇಕಾಗಬಹುದು. ನೀವು ಅಲ್ಲಿ ಕೆಲಸದಲ್ಲಿ ಇರುವಾಗ ಅದು ಬೇಗ ಆಗುತ್ತದೆ.

*ನಿವೃತ್ತ ನೌಕರರು, ಬಳ್ಳಾರಿ*