ಪದಚರ್ಚೆ: ತುಕ್ಕು ಹಿಡಿದರೆ ‘ಉತ್ಕರ್ಷಣ’ ಹೇಗೆ?

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ರಾಜಾಜಿನಗರದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ವಿಜ್ಞಾನದ ಪುಸ್ತಕ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿಗಿನ ಗೇಟಿನ ಕೆಳಗಿನ ಸರಳು ತುಕ್ಕು ಹಿಡಿದು, ಮುಟ್ಟಿದರೆ ಕೆಂಪು ಪುಡಿ ಉದುರುತ್ತಿತ್ತು. “ಮಾಮ, ಉತ್ಕರ್ಷ ಅಂದ್ರೆ ಏಳಿಗೆ ಅಂತ ಕನ್ನಡ ಮಿಸ್ ಹೇಳಿದ್ರು. ಹಾಗಾದ್ರೆ ಈ ಗೇಟು ಏಳಿಗೆ ಆಗ್ತಿದೆಯಾ?” ಅಂದಳು. ನಾನು ಸುಮ್ನೆ ಕಾಫಿ ಕುಡಿದೆ.

ಪಠ್ಯದಲ್ಲಿ ಆಕ್ಸಿಡೇಶನ್‌ಗೆ ಉತ್ಕರ್ಷಣ, ರಿಡಕ್ಷನ್‌ಗೆ ಅಪಕರ್ಷಣ ಅನ್ನುತ್ತಾರೆ. ಕರ್ಷಣ ಅಂದರೆ ಎಳೆತ. ಉತ್ ಅಂದರೆ ಮೇಲಕ್ಕೆ, ಅಪ ಅಂದರೆ ಆಚೆಗೆ ಅಥವಾ ಕೆಳಕ್ಕೆ. ಆಮ್ಲಜನಕ ಸೇರಿದರೆ ಉತ್ಕರ್ಷಣ, ಬಿಟ್ಟುಹೋದರೆ ಅಪಕರ್ಷಣ ಅನ್ನುವವರೆಗೆ ಮಕ್ಕಳಿಗೆ ತೊಂದರೆಯಿಲ್ಲ. ಎಲೆಕ್ಟ್ರಾನ್ ಲೆಕ್ಕ ಶುರುವಾದಾಗ ತಲೆ ಕೆಡುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡದ್ದು ಉತ್ಕರ್ಷಣವಂತೆ, ಪಡೆದದ್ದು ಅಪಕರ್ಷಣವಂತೆ. ಕಳೆದುಕೊಂಡವರಿಗೆ ಏಳಿಗೆ, ಪಡೆದವರಿಗೆ ಇಳಿಕೆ!

ಮನೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಎಲೆಕ್ಟ್ರಾನಿನದು ಋಣ ಆವೇಶ, ಅಂದರೆ ನೆಗೆಟಿವ್ ಚಾರ್ಜ್. ಋಣ ಅಂದರೆ ಸಾಲ. ಸಾಲ ಕಳೆದುಕೊಂಡರೆ ಏಳಿಗೆಯೇ ಅಲ್ವಾ? ಕಬ್ಬಿಣದ ಪರಮಾಣು ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟು ತುಕ್ಕಾದಾಗ ಅದರ ಉತ್ಕರ್ಷಣ ಸಂಖ್ಯೆ (ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಅನ್ನುವ ಲೆಕ್ಕ) ಸೊನ್ನೆಯಿಂದ +3ಕ್ಕೆ ಏರುತ್ತದೆ. ಮೇಲೇರುವುದು ಈ ಸಂಖ್ಯೆ, ಗೇಟಲ್ಲ. ರಾತ್ರಿಯೇ ಫೋನ್ ಮಾಡಿ ಹೇಳಿದೆ. ಅವಳಿಗೆ ಸಾಲದ ಲೆಕ್ಕ ತಕ್ಷಣ ಹತ್ತಿತು.

ಆದರೂ ಅಪಕರ್ಷಣದ ಮೇಲೆ ನನ್ನ ತಕರಾರು ಹೋಗಿಲ್ಲ. ನಮ್ಮ ಮನೆಯ ಬೆಳ್ಳಿ ಕುಂಕುಮದ ಬಟ್ಟಲು ಕಪ್ಪಾಗಿತ್ತು. ಬೆಳ್ಳಿಗೆ ಗಂಧಕ ಸೇರಿ ಆಗುವ ಕಪ್ಪು ಅದು. ಒಂದು ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಟ್ಟಲನ್ನು ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಹಾಕಿ ಬಿಸಿನೀರು ಸುರಿದೆ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬಂತು. ನೋಡನೋಡುತ್ತಾ ಬಟ್ಟಲು ಬೆಳ್ಳಗಾಯಿತು. ಅಲ್ಯೂಮಿನಿಯಂ ಎಲೆಕ್ಟ್ರಾನ್ ಕೊಟ್ಟಿತು, ಬೆಳ್ಳಿ ಪಡೆದು ಮತ್ತೆ ಬೆಳ್ಳಿಯಾಯಿತು. ಹೀಗೆ ಫಳಫಳ ಹೊಳೆಯುವ ಬಟ್ಟಲಿಗೆ ‘ಅಪಕರ್ಷಣ’ ಆಗಿದೆ ಅನ್ನಲು ನಾಲಿಗೆ ಹೊರಳುವುದಿಲ್ಲ. (ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕುವುದು ಬೇರೆ ಕಥೆ. ಅಲ್ಲಿ ಹುಳಿ ಕಿಲುಬನ್ನು ಕರಗಿಸುತ್ತದೆ ಅಷ್ಟೇ, ಕಿಲುಬು ಮತ್ತೆ ಲೋಹವಾಗುವುದಿಲ್ಲ.)

ರಿಡಕ್ಷನ್ ಅನ್ನುವ ಪದದ ಲ್ಯಾಟಿನ್ ಮೂಲಕ್ಕೂ ‘ಹಿಂದಕ್ಕೆ ತರು’ ಅನ್ನುವ ಅರ್ಥವೇ ಇದೆ. ಅದಿರಿನಿಂದ ಲೋಹವನ್ನು ವಾಪಸ್ ಪಡೆಯುವುದು. ಸಂಡೂರಿನ ಕೆಂಪು ಅದಿರಿಗೂ ಆ ಗೇಟಿನ ತುಕ್ಕಿಗೂ ಹತ್ತಿರದ ನೆಂಟು, ಎರಡರಲ್ಲೂ ಕಬ್ಬಿಣದ ಸಂಖ್ಯೆ +3. ಅದಿರಿನ ಆಮ್ಲಜನಕವನ್ನು ಇದ್ದಿಲು ಕಿತ್ತುಕೊಂಡರೆ ಕಬ್ಬಿಣ ಮರಳುತ್ತದೆ. ‘ಮರಳಿಕೆ’ ಅಂದರೆ ಹೇಗಿರುತ್ತದೆ? ಮರಳು, ಜಲ್ಲಿ ನೆನಪಾಗುತ್ತದೆ ಅಂತ ಹೆಂಡತಿ ನಕ್ಕಳು.

ಉತ್ಕರ್ಷಣದ ಬದಲು ‘ಆಮ್ಲಜನಕ ಸೇರಿಕೆ’ ಅನ್ನಬಹುದಲ್ಲ ಅಂತ ಯಾರಾದರೂ ಹೇಳಬಹುದು. ಅದು ಆಗದು. ಸೋಡಿಯಂ ಕ್ಲೋರಿನ್ ಸೇರಿ ಉಪ್ಪಾಗುವಾಗ ಸೋಡಿಯಂ ಉತ್ಕರ್ಷಣ ಹೊಂದುತ್ತದೆ, ಅಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಆಮ್ಲಜನಕ ಅನ್ನುವ ಹೆಸರೇ ಒಂದು ತಪ್ಪು ತಿಳಿವಳಿಕೆಯ ಪಳೆಯುಳಿಕೆ. ಎಲ್ಲ ಆಮ್ಲಗಳಲ್ಲೂ ಅದು ಇರುತ್ತದೆ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ.

ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು, ಹಳೇ ಎಣ್ಣೆ ಕೊಬ್ಬರಿಗೆ ಕಮಟು. ಮೂರರಲ್ಲೂ ನಡೆಯುವುದು ಉತ್ಕರ್ಷಣವೇ, ಮೂರಕ್ಕೂ ನಮ್ಮಲ್ಲಿ ಬೇರೆ ಬೇರೆ ಪದ. ಮೂರನ್ನೂ ಹಿಡಿಯುವ ಒಂದು ಪದ ನಿಮ್ಮ ಕಡೆ ಇದೆಯಾ? ಕಮ್ಮಾರರ, ಅಕ್ಕಸಾಲಿಗರ, ಕಲಾಯಿ ಹಾಕುವವರ ಮಾತಿನಲ್ಲಿ, ಹಾಳಾದ ಲೋಹ ಮತ್ತೆ ಲೋಹವಾಗುವುದಕ್ಕೆ ಏನಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಊರು, ಯಾವ ಕಸುಬಿನವರು ಅನ್ನುವುದನ್ನೂ ಬರೆಯಿರಿ.